ಬೇರಿಗೆ ಎಲೆ ಬಂದ ಸುದ್ದಿ

ಪ್ರೀತಿಯ ಅತ್ತೆಗೆ,

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನಿಮ್ಮ ಜೀಗುಜ್ಜೆ ಮರವನ್ನು ಕಡಿಸಿದೆವು. ಬುಡ ಟೊಳ್ಳಾಗಿ ಪಕ್ಕದ ಮನೆಯ ಮಾಡಿನ ಕಡೆಗೆ ವಾಲಿತ್ತು. ನಿಮ್ಮ ಮಗ ಕೇಳಿದಾಗ "ಆಯ್ತು, ಕಡಿಸುವ" ಎಂದವಳು ನಾನೇ. ನೀವು ತೀರಿಕೊಂಡು, ಬೊಜ್ಜದ ಊಟ ಮುಗಿದು ತಿಂಗಳೂ ಆಗಿರಲಿಲ್ಲ.

ಮದುವೆಯಾಗಿ ಸಿದ್ಧಕಟ್ಟೆಗೆ ಬರುವಾಗ ಪುತ್ತಿಗೆಯ ತವರಿನಿಂದ ಆ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಕತೆಯನ್ನು ಎಷ್ಟು ಸಲ ಹೇಳಿದ್ದೀರೋ. ತವರಿನ ಮರ ಹೋಗಿ ವರ್ಷಗಳಾದವು. ಬೀಜದಿಂದ ಎಬ್ಬಿಸುವ ಎಂದರೆ, ಹಲಸಿನ ಜಾತಿಯದ್ದೇ ಆದರೂ ಜೀಗುಜ್ಜೆಯಲ್ಲಿ ಬೀಜವೇ ಇಲ್ಲ. ಇದೂ ಹೋಯಿತೆಂದರೆ...

ದೀಪಾವಳಿ ಕಳೆದ ಮೇಲಿನ ಆ ಬೆಳಿಗ್ಗೆ ನೆನಪುಂಟಾ? ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ, ಹೆಬ್ಬೆರಳು ದಪ್ಪದ ಬೇರಿನ ಸಿಪ್ಪೆಗೆ ಕತ್ತಿಯಿಂದ ಗಾಯ ಮಾಡಿದಿರಿ. ನಾನು ಒಳಗೆ ಓಡಿ ಅರಸಿನ ಕಲಸಿ ತಂದು ಹಚ್ಚಿದೆ.

"ಎಂತ ಮಾರಾಯ್ತಿ, ಬೇರಿಗೆ ಮದುವೆ ಉಂಟಾ?"

"ಗಾಯ ಅಲ್ವಾ ಅತ್ತೆ?"

"ಗಾಯ ಆದರೇ ಅದಕ್ಕೆ ಚಿಗುರುವ ಬುದ್ಧಿ ಬರುವುದು. ತೊಳಿ ಅದನ್ನು!"

ಆಮೇಲೆ ನೀವೇ ಕೇಳಿದಿರಿ: "ಅಲ್ಲ, ಮಣ್ಣಿನೊಳಗೆ ಕೂತ ಬೇರಿಗೆ ಎಲೆ ಮಾಡು ಅಂತ ಹೇಳುವುದು ಯಾರು?" ನಾನು ಓದಿದ ಹತ್ತನೇ ಕ್ಲಾಸಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ವಾರ ನೀವು ಹಾಸಿಗೆ ಹಿಡಿದಿರಿ.

ಮರ ಕಡಿದ ಮೇಲೆ ನಿಮ್ಮದೇ ಕತ್ತಿಯಿಂದ ಮೂರು ಬೇರುಗಳಿಗೆ ಗಾಯ ಮಾಡಿದೆ. ದಿನಾ ನೋಡಿದೆ, ಏನೂ ಇಲ್ಲ. ಕಳೆದ ಭಾನುವಾರ ಪುತ್ತಿಗೆಯಿಂದ ನಿಮ್ಮ ತಮ್ಮನ ಮಗಳು ಶ್ರೇಯಾ ಬಂದಳು. ಮೂಡುಬಿದಿರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳಲ್ಲ, ನಿಮ್ಮ ಪ್ರಶ್ನೆಯನ್ನು ಅವಳ ಮುಂದಿಟ್ಟೆ.

"ಬೇರಿನ ಜೀವಕೋಶದಲ್ಲಿಯೂ ಇಡೀ ಮರದ ಜೀನುಗಳು ಉಂಟು ಅತ್ತಿಗೆ. ಎಲೆಗೆ ಬೇಕಾದದ್ದು ಸುಮ್ಮನೆ ಮಲಗಿರ್ತದೆ. ಗಾಯ ಆದರೆ ಎದ್ದೇಳಬಹುದು" ಎಂದಳು.

"ಎಬ್ಬಿಸುವುದು ಯಾರು?"

"ಹಾರ್ಮೋನುಗಳು. ಚಿಗುರಿನ ತುದಿಯಿಂದ ಆಕ್ಸಿನ್ ಕೆಳಗೆ ಇಳೀತಾ ಇರ್ತದೆ. ಅದರ ಕೈ ಮೇಲಾದಲ್ಲಿ ಬೇರು. ಸೈಟೊಕೈನಿನ್ ಅಂತ ಇನ್ನೊಂದು ಉಂಟು, ಅದರ ಕೈ ಮೇಲಾದಲ್ಲಿ ಚಿಗುರು."

"ಅಂದರೆ ಒಂದೇ ಅಡುಗೆಮನೆಯಲ್ಲಿ ಅತ್ತೆ, ಸೊಸೆ!"

ಅವಳು ಚಹಾ ಚೆಲ್ಲುವಷ್ಟು ನಕ್ಕಳು. ನೀವಿದ್ದಿದ್ದರೆ ಯಾರು ಆಕ್ಸಿನ್ ಎಂದು ಜಗಳ ತೆಗೆಯುತ್ತಿದ್ದಿರಿ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಮರ ನಿಂತಿರುವಷ್ಟು ದಿನ ಮೇಲಿನಿಂದ ಇಳಿಯುವ ಆಕ್ಸಿನ್ ಬೇರಿನ ಚಿಗುರನ್ನು ತಡೆದಿಟ್ಟಿರಬಹುದಂತೆ. ಮರ ಹೋದ ಮೇಲೆ ಆ ತಡೆ ಇಲ್ಲ. "ಕಾದು ನೋಡಿ" ಎಂದಳು. ಕಡಿಸಿದವಳು ನಾನು. ಸಮಾಧಾನ ಪಡಬೇಕೋ, ಅಳಬೇಕೋ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಬಟ್ಟೆ ಹಿಂಡುವಾಗ ಕಲ್ಲಿನ ಪಕ್ಕ ಏನೋ ಹಸಿರು ಕಂಡಿತು. ಹುಲ್ಲೆಂದು ಕೀಳಲು ಕೈ ಚಾಚಿ ನಿಲ್ಲಿಸಿದೆ. ಕಿರುಬೆರಳಷ್ಟು ಚಿಗುರು, ತುದಿಯಲ್ಲಿ ಮಡಚಿದ ಒಂದು ಎಲೆ. ಮಣ್ಣು ಸರಿಸಿ ನೋಡಿದರೆ ಅದು ನಾನು ಕೊಯ್ದ ಬೇರಲ್ಲ ಅತ್ತೆ. ನೀವು ದೀಪಾವಳಿ ಕಳೆದು ಮಾಡಿದ ಗಾಯ. ಅದರ ಅಂಚು ಗಂಟುಗಂಟಾಗಿ ಉಬ್ಬಿದೆ, ಆ ಗಂಟಿನಿಂದಲೇ ಎದ್ದಿದೆ. ಇಷ್ಟು ತಿಂಗಳು ಅದು ಒಳಗೊಳಗೇ ಏನು ಮಾಡುತ್ತಿತ್ತು? ಶ್ರೇಯಾಳನ್ನು ಕೇಳಬೇಕು.

ಬೀಜದ ಸಸಿಯಾದರೆ ಮಗು ಎನ್ನಬಹುದಿತ್ತು. ಬೇರಿನ ಚಿಗುರು ಹಾಗಲ್ಲ, ಅದೇ ಮರ ಎಂದು ಶ್ರೇಯಾ ಅಂದೇ ಹೇಳಿದ್ದಳು. ನೀವು ಮಡಿಲಲ್ಲಿಟ್ಟುಕೊಂಡು ತಂದದ್ದೇ.

ಇನ್ನೊಂದು ಚಿಗುರು ಬರಲಿ. ಒಂದನ್ನು ಇಲ್ಲೇ ಉಳಿಸಿ, ಇನ್ನೊಂದನ್ನು ಪುತ್ತಿಗೆಗೆ, ನಿಮ್ಮ ತವರಿನ ಅಂಗಳಕ್ಕೆ, ಬಸ್ಸಿನಲ್ಲೇ ಒಯ್ಯುತ್ತೇನೆ. ಅಲ್ಲಿಯವರೆಗೆ ಗಾಯಕ್ಕೆ ಮಣ್ಣು ಮುಚ್ಚುವುದಿಲ್ಲ. ಅರಸಿನವನ್ನೂ ಹಚ್ಚಿಲ್ಲ.

ನಿಮ್ಮ ಸೊಸೆ