ದಾನೇಶ್ವರಿಯ ಕೂಸಿಗೆ ಬಾಬಾಗಾಡಿ

ನನ್ನ ದಾಕ್ಷೀ,

ಮಗಳಿಗೆ ಬರೆಯುವ ಪತ್ರವನ್ನು ಚಿರಂಜೀವಿ ಎಂದೇ ಶುರು ಮಾಡಬೇಕು. ಬರೆಯಲು ಹೋದೆ, ಕೈ ಏಳಲಿಲ್ಲ. ನೀನು ಹೋಗಿ ಎರಡು ವರ್ಷ ದಾಟಿತು. ಇಷ್ಟು ದಿನ ನಿನ್ನ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದೆ. ಒಮ್ಮೊಮ್ಮೆ ರೊಟ್ಟಿ ಬಡಿಯುತ್ತ ಬೈಯುತ್ತಲೂ ಇದ್ದೆ, ಅವ್ವನನ್ನು ಬಿಟ್ಟು ಹೋದೆಯಲ್ಲೇ ಎಂದು. ಆದರೆ ಈ ಸುದ್ದಿಯನ್ನು ಕೂತು ಬರೆದೇ ತಿಳಿಸಬೇಕು, ಬೇರೆ ಯಾರ ಬಾಯಿಂದಲೂ ನೀನು ಕೇಳಬಾರದು ಅನ್ನಿಸಿತು. ಮೊನ್ನೆ ಗೋಕಾಕದ ಪೇಟೆಗೆ ಹೋಗಿ ಕೂಸನ್ನು ಮಲಗಿಸಿ ತಳ್ಳುವ ಬಾಬಾಗಾಡಿ ಕೊಂಡೆ. ನಿನ್ನ ಗಂಡನ ಕೂಸಿಗೆ. ನಿನ್ನ ಹೊಟ್ಟೆಯಲ್ಲಿ ಹುಟ್ಟದ ಕೂಸಿಗೆ.

ಭೀಮೇಶ ಮತ್ತೆ ಮದುವೆಯಾದ. ಅವನ ತಪ್ಪಿಲ್ಲ, ವಯಸ್ಸಿನ ಹುಡುಗ, ಅವರೂರು ಹುಕ್ಕೇರಿಯ ಹಿರಿಯರೆಲ್ಲ ಸೇರಿ ಒಪ್ಪಿಸಿದರು. ನನಗೆ ಮಾತ್ರ ಮೈ ಉರಿದುಹೋಯಿತು. ಹೆಂಡತಿ ಸತ್ತ ಗಂಡಸಿಗೆ ಊರೆಲ್ಲ ಹೆಣ್ಣು ಹುಡುಕುತ್ತದೆ, ಮಗಳು ಸತ್ತ ತಾಯಿಗೆ ಯಾರಾದರೂ ಮಗಳನ್ನು ಹುಡುಕಿ ಕೊಡುತ್ತಾರೆಯೇ ಎಂದು ನಿಮ್ಮಪ್ಪನ ಮೇಲೆ ಹರಿಹಾಯ್ದೆ. ಅವರೇನು ಮಾಡಿಯಾರು, ಪಾಪ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ. ಎರಡನೆಯವಳಾಗಿ ಬರುವವಳು ಮೊದಲು ತೀರಿಹೋದವಳ ತವರಿಗೆ ಬಂದು ಉಡಿ ತುಂಬಿಸಿಕೊಂಡು ಹೋಗಬೇಕು. ಅವತ್ತಿನಿಂದ ಆ ಮನೆ ಇವಳಿಗೂ ತವರು. ಹಾಗೆ ಬಂದಳು ಈ ದಾನೇಶ್ವರಿ. ಮೂಡಲಗಿ ಹತ್ತಿರದ ಕಲ್ಲೋಳಿಯವಳು. ಒಣಕಲು ಹುಡುಗಿ, ಜೋರಾಗಿ ಗಾಳಿ ಬಿಟ್ಟರೆ ಹಾರಿಹೋದಾಳು. ಎಲ್ಲೋ ನೋಡುತ್ತ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದೆ. "ಇದು ನಿನಗೂ ತವರುಮನಿನ. ಬರ್ತಾ ಹೋಗ್ತಾ ಇರು" ಎಂದೆ. ಎಲ್ಲರೂ ಅನ್ನುವ ಮಾತು ಅದು, ಎದ್ದು ಹೊರಟ ಬೀಗರಿಗೆ ಊಟ ಮಾಡಿ ಹೋಗಿ ಅಂದ ಹಾಗೆ. ಯಾರೂ ಅದನ್ನು ಹಿಡಿದುಕೊಂಡು ಬರುವುದಿಲ್ಲ.

ಇವಳು ಬಂದಳು ನೋಡು. ಸೀಮಂತದ ಕುಬಸ ಮುಗಿದ ಮೇಲೆ, ತುಂಬಿದ ಬಸುರಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ಹಿಂದೆ ಭೀಮೇಶ ತಲೆ ತಗ್ಗಿಸಿಕೊಂಡಿದ್ದ. ಆಮೇಲೆ ತಿಳಿಯಿತು, ಇವಳು ಸಣ್ಣವಳಿದ್ದಾಗಲೇ ತಾಯಿ ತೀರಿಹೋಗಿದ್ದಳಂತೆ. ಸಾಕಿದ ಕಾಕಾನ ಮನೆಯಲ್ಲಿ ಬಾಣಂತನ ಮಾಡುವುದು ನಮ್ಮಿಂದಾಗದು ಎಂದು ಮುಖಕ್ಕೇ ಹೇಳಿದ್ದರಂತೆ. ಅವಳಿಗೆ ನನ್ನ ಮಾತು ನೆನಪಾಗಿದೆ. "ನೀವು ಬಾ ಅಂದಿದ್ರಿ. ಬಂದೇನ್ರಿ ಅವ್ವಾರ" ಅಂದಳು.

ನಾನು ಹೊಸ್ತಿಲ ಒಳಗೆ ಕಂಬದಂತೆ ನಿಂತೆ. ಒಳಗೆ ಬಾ ಅನ್ನಲು ಬಾಯಿ ಬರಲಿಲ್ಲ, ಹೋಗು ಅನ್ನಲು ಮನಸ್ಸು ಬರಲಿಲ್ಲ. ಕೊನೆಗೆ ನಿಮ್ಮಪ್ಪನೇ ಹೋಗಿ ಚೀಲ ಇಸಿದುಕೊಂಡರು.

ಬಾಣಂತನ ಮಾಡಿದೆ ದಾಕ್ಷಿ. ಏನೂ ಕಡಿಮೆ ಮಾಡಲಿಲ್ಲ. ನಿನಗೆಂದು ಮಾಡಬೇಕಾಗಿದ್ದ ಅಂಟಿನುಂಡಿಯನ್ನು ಅವಳಿಗೆ ಕಟ್ಟಿದೆ. ತುಪ್ಪದಲ್ಲಿ ಅಂಟು ಅರಳುವಾಗ ಅಳು ತಡೆಯಲಾಗದೆ ಒಲೆ ಆರಿಸಿ ಹಿತ್ತಲಿಗೆ ಹೋಗಿ ನಿಂತೆ. ಅವಳ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವಾಗ ನಿನ್ನ ಕೂದಲು ಇದಕ್ಕಿಂತ ದಟ್ಟವಾಗಿತ್ತು ಎಂದುಕೊಳ್ಳುತ್ತಿದ್ದೆ. ಕೈ ಅವಳ ಮೇಲೆ, ಜೀವ ನಿನ್ನ ಮೇಲೆ. ಅವಳಿಗೂ ಅದು ಗೊತ್ತಾಗುತ್ತಿತ್ತು ಅನ್ನಿಸುತ್ತದೆ. ಒಂದು ದಿನವೂ ಇದು ಬೇಕು, ಅದು ಬೇಕು ಅನ್ನಲಿಲ್ಲ. ಹೆಣ್ಣು ಕೂಸು. ಭೀಮೇಶನದೇ ಮೂಗು.

ಕಳಿಸುವ ದಿನ ಹತ್ತಿರ ಬಂತು. ಬಾಣಂತಿಯನ್ನು ಕಳಿಸುವಾಗ ತವರಿನವರು ತೊಟ್ಟಿಲು ಕೊಡಬೇಕಲ್ಲ. ನೀನು ಮಲಗಿದ ಸಾಗವಾನಿ ತೊಟ್ಟಿಲು ಅಟ್ಟದ ಮೇಲಿತ್ತು. ನಿಮ್ಮಪ್ಪ ಏಣಿ ತಂದು ಗೋಡೆಗೆ ಆನಿಸಿದ್ದೇ ತಡ, ಅದನ್ನು ಮುಟ್ಟಬೇಡಿ ಎಂದು ಕೂಗಿಬಿಟ್ಟೆ. ಈಗ ಎಲ್ಲರೂ ಬಾಬಾಗಾಡಿ ಕೊಡುತ್ತಾರೆ, ನಾವೂ ಅದನ್ನೇ ಕೊಡೋಣ ಎಂದೆ. ಅವರು ಏಣಿ ತಿರುಗಿ ಒಯ್ದರು. ಹೊಸ ಕಾಲದ ಹುರುಪಿನಿಂದಲ್ಲ, ತೊಟ್ಟಿಲು ಉಳಿಸಿಕೊಳ್ಳಲು ನಾನು ಗಾಡಿ ಕೊಳ್ಳಲು ಹೊರಟವಳು.

ಪೇಟೆಯಲ್ಲಿ ಕಾಸೀಮಸಾಬ ಎಂಬವರದು ಮಕ್ಕಳ ಸೈಕಲ್ಲು, ಗಾಡಿ ಮಾರುವ ಅಂಗಡಿ. ನಮ್ಮ ಪರಿಚಯ ಅವರಿಗಿಲ್ಲ. ದಾನೇಶ್ವರಿ ಕೂಸಿಗೆ ಕುಲಾವಿ ಕಟ್ಟಿ, ಸೆರಗು ಹೊದಿಸಿ ಎತ್ತಿಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟೆ, ಎದುರಿಗೇ ಅದು ನಿಂತಿತ್ತು. ತಿಳಿನೀಲಿ ಬಣ್ಣ, ಮೇಲೆ ಮಡಚುವ ಕೊಡೆ, ಕೆಳಗೆ ಜಾಳಿಗೆಯ ಬುಟ್ಟಿ.

ಅವತ್ತು ನಿನ್ನ ಬಸುರಿಗೆ ಐದು ತಿಂಗಳು ತುಂಬಿತ್ತು. ನನ್ನ ತೊಡೆಯ ಮೇಲೆ ತಲೆ ಇಟ್ಟು ಮೊಬೈಲಿನಲ್ಲಿ ಇಂಥದ್ದೇ ಗಾಡಿ ತೋರಿಸಿದ್ದೆ. "ಯವ್ವಾ, ಮ್ಯಾಲ ಕೂಸು, ಕೆಳಗ ಸಂತಿ ಬದನಿಕಾಯಿ. ಎರಡೂ ಕೂಡೇ ಮನಿಗೆ ಬರ್ತಾವ ನೋಡ" ಎಂದು ನಕ್ಕಿದ್ದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು, ಸುಮ್ಮನಿರು ಎಂದು ನಿನ್ನ ಬಾಯಿ ಮುಚ್ಚಿಸಿದೆ. ಆಮೇಲೆ ನಿನ್ನ ಕಣ್ಣು ಹಳದಿಯಾದವು. ಕಾಮಾಲೆ ಎಂದರು. ಔಷಧ, ದವಾಖಾನೆ, ದೇವರು, ಯಾವುದನ್ನೂ ನಾವು ಬಿಡಲಿಲ್ಲ. ಬಸುರಿಗೆ ಬಂದ ಕಾಮಾಲೆ, ತಡೆಯಲಾಗಲಿಲ್ಲ. ನೀನು, ಹೊಟ್ಟೆಯೊಳಗಿನದು, ಇಬ್ಬರೂ ಒಟ್ಟಿಗೇ ಹೋದಿರಿ.

ಇದೆಲ್ಲ ದಾನೇಶ್ವರಿಗೆ ಹೇಗೆ ಗೊತ್ತಾಗಬೇಕು? ಅಂಗಡಿಯ ಅಷ್ಟು ಗಾಡಿಗಳಲ್ಲಿ ಅವಳ ಕಣ್ಣೂ ಅದರ ಮೇಲೆಯೇ ಬಿತ್ತು. ಎಲ್ಲಕ್ಕಿಂತ ಮುಂದೆ ಇಟ್ಟಿದ್ದರಲ್ಲ, ಯಾರೇ ಬಂದರೂ ಮೊದಲು ಅದನ್ನೇ ನೋಡಬೇಕು. ಹೋಗಿ ಕೊಡೆ ಬಿಚ್ಚಿದಳು, ಮುಚ್ಚಿದಳು. ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಆಸೆ ಕಂಡೆ. ಬಾಯಿಬಿಟ್ಟು ಕೇಳಲಿಲ್ಲ, ನನ್ನ ಕಡೆ ನೋಡಿದಳು ಅಷ್ಟೇ.

ಅದರ ಗಾಲಿ ಸರಿ ಇಲ್ಲ ಎಂದುಬಿಟ್ಟೆ. ಕಾಸೀಮಸಾಬರು ತಳ್ಳಿ ತೋರಿಸಿದರು. ಅಂಗಡಿಯ ಈ ಮೂಲೆಯಿಂದ ಆ ಮೂಲೆಗೆ ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಆದರೂ ಬೇಡ ಎಂದೆ. ನಾನೇ ಅದನ್ನು ದೂಡಿಕೊಂಡು ಹೋಗಿ, ಮೋರೆ ಗೋಡೆಗೆ ಮಾಡಿ ನಿಲ್ಲಿಸಿದೆ. ಸಾಬರು ಬೆರಗಾಗಿ ನೋಡಿದರು. ನೋಡಲಿ. ಎಲ್ಲ ಕೊಟ್ಟೆ ದಾಕ್ಷಿ, ನಿನ್ನ ಗಂಡನನ್ನು ಕೊಟ್ಟೆ, ನಿನ್ನ ಅಡುಗೆಮನೆ ಕೊಟ್ಟೆ, ನಿನಗೆ ಮಾಡಬೇಕಾದ ಬಾಣಂತನವನ್ನೂ ಕೊಟ್ಟೆ. ಅದೊಂದು ಗಾಡಿಯನ್ನು ಕೊಡಲು ನನ್ನಿಂದಾಗಲಿಲ್ಲ. ಅದು ನಿನ್ನ ಕೂಸಿನದು.

ಕಂದು ಬಣ್ಣದ ಇನ್ನೊಂದನ್ನು ಆರಿಸಿದೆವು. ಬೆಲ್ಟ್ ಎಳೆದು ನೋಡಿದೆ, ಬ್ರೇಕ್ ತುಳಿದು ನೋಡಿದೆ, ಕೂಸಿನ ತಲೆಯ ಕಡೆ ಮೆತ್ತಗಿದೆಯೇ ಎಂದು ಒತ್ತಿ ನೋಡಿದೆ. ಗಟ್ಟಿ ಗಾಡಿಯೇ. ಮಡಚಿ ಕಟ್ಟುತ್ತ ಕಾಸೀಮಸಾಬರು ನಗುನಗುತ್ತ ಕೇಳಿದರು, "ಮಗಳ ಚೊಚ್ಚಲ ಕೂಸೇನ್ರಿ ಅಕ್ಕಾರ?"

ಹೌದು ಅಂದರೆ ನಿನಗೆ ಮೋಸ, ಅಲ್ಲ ಅಂದರೆ ಪಕ್ಕದಲ್ಲಿ ನಿಂತ ಜೀವಕ್ಕೆ ಏಟು. ಅಷ್ಟರಲ್ಲಿ ಅವಳೇ ಹೇಳಿದಳು. "ನಾ ಇವರ ಮಗಳಲ್ರಿ. ಮಗಳು ತೀರಿಕೊಂಡಾರ. ನಾ ಅವರ ಜಾಗಾಕ್ಕ ಬಂದಾಕಿ."

ಅವಳ ದನಿಯಲ್ಲಿ ದೂರಿರಲಿಲ್ಲ. ಯಾವೂರು ಎಂದು ಕೇಳಿದರೆ ಊರ ಹೆಸರು ಹೇಳುವಂತೆ ಹೇಳಿದಳು. ಹುಕ್ಕೇರಿಯಲ್ಲಿ ನೀರಿಗೆ ಹೋದಲ್ಲಿ, ಕಿರಾಣಿ ಅಂಗಡಿಗೆ ಹೋದಲ್ಲಿ, ಇದನ್ನೇ ಹೇಳಿ ಹೇಳಿ ರೂಢಿಯಾಗಿದೆ ಎಂದು ಆಗ ಅರಿವಾಯಿತು. ನನ್ನ ಕರುಳು ಚುರುಕ್ ಅಂದಿತು. ನಿನಗಾಗಿ ಅಲ್ಲ ದಾಕ್ಷಿ, ಅವಳಿಗಾಗಿ. ಹಾಗಾಯಿತಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಆಟೋದಲ್ಲಿ ಗಾಡಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತೆವು. ಬಸ್‌ಸ್ಟ್ಯಾಂಡ್ ದಾಟಿತು. ಆಮೇಲೆ ನನಗೆ ತಡೆಯಲಾಗಲಿಲ್ಲ. "ಹಂಗ ಇನ್ನೊಮ್ಮೆ ಅನಬ್ಯಾಡ. ಆಕಿ ಜಾಗಾ ಆಕಿದ ಐತಿ, ಅದಕ್ಕ ಯಾರೂ ಬರೂದಿಲ್ಲ. ನೀ ನಿನ್ನ ಜಾಗಾದಾಗ ಇರು" ಎಂದೆ. ಮಾತು ಒರಟಾಯಿತೇನೋ. ಅವಳು ಅಳತೊಡಗಿದಳು. "ನನಗ ಎಲ್ಲೈತ್ರಿ ಅವ್ವಾರ ಜಾಗಾ?" ಎಂದು ಕೇಳಿದಳು. ಕೂಸನ್ನು ಇಸಿದುಕೊಂಡು ನನ್ನ ಮಡಿಲಲ್ಲಿ ಹಾಕಿಕೊಂಡೆ, ಅವಳು ಕೈ ಬಿಡಿಸಿಕೊಂಡು ಅಳಲಿ ಎಂದು.

ಕೂಸಿಗೆ ನಿನ್ನ ಹೆಸರಿಡಬೇಕೆಂದು ಭೀಮೇಶನ ಆಸೆಯಿತ್ತು, ಅವಳೂ ಒಪ್ಪಿದ್ದಳು. ನಾನು ಬೇಡ ಎಂದೆ. ದಾಕ್ಷಾಯಿಣಿ ಎಂದು ಕೂಗಿದಾಗ ಬೇರೆ ಯಾರೋ ಓಗೊಟ್ಟರೆ ನಾನು ಬದುಕಲಾರೆ. ಆ ಕೂಸಿಗಾದರೂ ಅದರದೇ ಹೆಸರಿರಲಿ.

ಇವತ್ತು ಬೆಳಿಗ್ಗೆ ಹೊರಟರು. ಅಂಗಳದ ಫರಸಿ ಕಲ್ಲಿನ ಮೇಲೆ ಗಾಡಿ ಬಿಚ್ಚಿ, ಕೂಸನ್ನು ಮಲಗಿಸಿ, ರಸ್ತೆಯ ಕಾರಿನವರೆಗೆ ನಾನೇ ತಳ್ಳಿಕೊಂಡು ಹೋದೆ. ಕೂಸು ಕಣ್ಣು ಪಿಳಿಪಿಳಿ ಬಿಟ್ಟು ನನ್ನನ್ನೇ ನೋಡುತ್ತಿತ್ತು. ದಾನೇಶ್ವರಿ ಕಾಲಿಗೆರಗಿ, ಬರುತ್ತೇನೆ ಎಂದಳು. ಮುಂದೆ ಏನು ಹೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ, ಆಣೆ. ತಾನಾಗಿಯೇ ಬಾಯಿಗೆ ಬಂತು. "ಪಂಚಮಿಗೆ ನಿಮ್ಮಪ್ಪ ಕರಿಯಾಕ ಬರ್ತಾರ. ತಯಾರಾಗಿ ಇರು."

ನಿಮ್ಮಪ್ಪ ಆ ಕಡೆ ಮುಖ ತಿರುಗಿಸಿ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅವಳು ಹೂಂ ಅಂದಳು. ಕಾರು ಹುಕ್ಕೇರಿಯ ದಾರಿ ಹಿಡಿಯಿತು.

ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬ ಅದು, ಆಡಿದ ಮೇಲೆ ನಡೆಸಲೇಬೇಕು. ಶ್ರಾವಣ ಬರುತ್ತದೆ, ಉಂಡಿ ಕಟ್ಟುತ್ತೇನೆ, ಜೋಕಾಲಿ ಕಟ್ಟಿಸುತ್ತೇನೆ. ನಿಮ್ಮಪ್ಪ ಬೆಳಗಿನ ಬಸ್ಸು ಹಿಡಿದು ಹುಕ್ಕೇರಿಗೆ ಹೋಗಿ ಅವಳನ್ನು ಕರೆದುಕೊಂಡು ಬರುತ್ತಾರೆ. ನಿನ್ನನ್ನು ಕರೆಯಲು ಅವರನ್ನು ಯಾವ ಊರಿಗೆ ಕಳಿಸಲಿ, ನನ್ನವ್ವಾ?

ಮಣ್ಣಿನೊಳಗಿದ್ದರೂ ಮಗಳು ಮಗಳೇ. ಹೊಟ್ಟೆಯ ಕೂಸನ್ನು ಅವುಚಿಕೊಂಡು ತಣ್ಣಗಿರು.

ನಿನ್ನ ಹಡೆದವ್ವ,
ಕೆಂಚವ್ವ