ಹಾಲು ಒಡೆಸುವ ಮಂತ್ರ

ಸೇಲಂ
13-6-1995, ಮಂಗಳವಾರ

ಗೋವಿಂದರಾಜ್,

ನಿನ್ನ ಮೇಲೆ ಸಿಟ್ಟಿದೆ, ಆದರೂ ಮೊದಲು ಕ್ಷೇಮ ಕೇಳುತ್ತೇನೆ. ಚೆನ್ನಾಗಿದ್ದೀಯಾ? ಕೊಯಮತ್ತೂರಿನ ಹಾಸ್ಟೆಲ್ ಊಟ ಒಗ್ಗಿತಾ? ಸರಿ, ಈಗ ಕೇಳು. ಈ ಕಾಗದ ಓದಿದ ಕೂಡಲೇ ರಜೆ ಹಾಕಿ ಊರಿಗೆ ಹೋಗು. ಭಾನುವಾರದೊಳಗೆ ನೀನು ಹೋಗದಿದ್ದರೆ ಮದ್ದಿನ ಮುದುಕಿ ಪಾಪಮ್ಮನನ್ನು ಊರಲ್ಲಿ ಉಳಿಯಗೊಡುವುದಿಲ್ಲ.

ನಮ್ಮ ಆಟದ ನೋಟ್‌ಬುಕ್ ಊರಿನ ಮನೆಯಿಂದ ತಂದು ಕಳಿಸು ಅಂತ ಬರೆದಿದ್ದೆಯಲ್ಲ, ಅದಕ್ಕೇ ಶನಿವಾರ ನಿಮ್ಮೂರಿಗೆ ಹೋಗುವ ಪೆನ್ನಾಗರಂ ಬಸ್ ಹತ್ತಿದೆ. ದಾರಿಯುದ್ದಕ್ಕೂ ನಿನ್ನ ಚೇಷ್ಟೆ ನೆನೆದು ಒಬ್ಬನೇ ನಗುತ್ತಿದ್ದೆ. ಆ ಆಟದಲ್ಲಿ ಕಥೆ ನಡೆಸುವವನು ನಾನು, ದಾಳ ಉರುಳಿಸಿ ಆಡುವ ಮಂತ್ರವಾದಿಯ ಪಾತ್ರ ನಿನ್ನದು. ಉಳಿದವರೆಲ್ಲ ಸಿಡಿಲಿನ ಮಂತ್ರ, ಬೆಂಕಿಯ ಮಂತ್ರ ಬೇಕೆಂದು ಕಿತ್ತಾಡಿದರೆ ನೀನು ಪಟ್ಟಿಯ ತಳದಲ್ಲಿ ಬಿದ್ದಿದ್ದ ಕೆಲಸಕ್ಕೆ ಬಾರದವನ್ನೇ ಆರಿಸಿಕೊಂಡೆ. ಗಂಟು ಬಿಚ್ಚುವುದು, ದೀಪ ಆರಿಸುವುದು, ಹಾಲು ಒಡೆಸುವುದು. ನಾನು ನಕ್ಕೆ. ನೀನೋ, ಗಂಟು ಬಿಚ್ಚಿ ನೂರು ಕುದುರೆಗಳ ಜೀನು ಜಾರಿಸಿದೆ. ರಾಕ್ಷಸರ ದಂಡಿನ ಪಾಯಸ ಕೆಡಿಸಿ, ಅವರೆಲ್ಲ ಪೊದೆ ಹುಡುಕುತ್ತ ಓಡುವಾಗ ಕೋಟೆಯೊಳಕ್ಕೆ ಆರಾಮಾಗಿ ನಡೆದು ಹೋದೆ. ಅದನ್ನೆಲ್ಲ ಆ ನೋಟ್‌ಬುಕ್ಕಿನಲ್ಲಿ ಚಿತ್ರಸಮೇತ ಬರೆದೂ ಇಟ್ಟೆ. ಅದೂ ನಮ್ಮಜ್ಜಿ ತುಂಗಾಬಾಯಿ ನನಗೆ ಕಲಿಸಿ, ನಾನು ನಿನಗೆ ಕಲಿಸಿದ ಕನ್ನಡ ಅಕ್ಷರದಲ್ಲಿ.

ನಿಮ್ಮೂರವರು ಆಡುವುದು ಕನ್ನಡ, ಓದುವುದು ತಮಿಳು. ನಿಮ್ಮ ಎಮ್ಮೆಯ ಹಾಲು ಮೂರು ದಿನದಿಂದ ಕಾಯಿಸುವಾಗಲೇ ಒಡೆಯುತ್ತಿತ್ತಂತೆ. ಅಷ್ಟರಲ್ಲಿ ಅಟ್ಟದ ಮೇಲೆ ಈ ಪುಸ್ತಕ ಸಿಕ್ಕಿದೆ. ಯಾರೂ ಓದಲಾರದ ಅಕ್ಷರ, ಜೊತೆಗೆ ನೀನು ಬಿಡಿಸಿದ ಚಿತ್ರ: ಹೊಗೆಯಾಡುವ ಹಾಲಿನ ಮಡಕೆ, ಪಕ್ಕದಲ್ಲೊಂದು ಎಮ್ಮೆ. ನಾನು ಹೋದಾಗ ಮಾಟದ ಪುಸ್ತಕವೆಂದು ಅದನ್ನು ಮೊರದಲ್ಲಿ ಬೇವಿನ ಸೊಪ್ಪಿನ ಮೇಲಿಟ್ಟು ಅಂಗಳದ ತುಂಬ ಜನ ನಿಂತಿದ್ದರು. ನಡುವೆ ಪಾಪಮ್ಮ ಕೂತಿದ್ದಳು. ಎಮ್ಮೆಗೆ ಕೊನೆಯ ಸಲ ಸೊಪ್ಪು ಅರೆದು ಕುಡಿಸಿದವಳು ಆ ಮುದುಕಿಯೇ ಅಲ್ಲವೇ. ಅವಳ ಪಾತ್ರೆಪಡಗ ಆಗಲೇ ಗುಡಿಸಲಿನಿಂದ ಬೀದಿಗೆ ಬಂದಿತ್ತು.

ಇದು ಬರೀ ಆಟ ಅಂದೆ. ನಿನ್ನ ಚಿಕ್ಕಪ್ಪ ನಾರಪ್ಪ, ಆಟ ಆಡುದ್ರೆ ಆಲು ಒಡೀತೈತೇನ್ಲಾ, ನಿಂಗೆ ಓದಾಕೆ ಬತ್ತೈತಲ್ಲ, ಓದು ಅಂತ ಪುಸ್ತಕ ಕೈಗಿಟ್ಟು ಆ ಮಡಕೆಯ ಮೇಲೇ ಬೆರಳೂರಿದ. ಅಲ್ಲಿ ಏನು ಬರೆದಿದ್ದೆ ನೆನಪಿದೆಯಾ, ಪುಣ್ಯಾತ್ಮ? 'ಪಾಪಮ್ಮ ಕಲಿಸಿದ ಮಂತ್ರ.' ಆಟದಲ್ಲಿ ಅವಳನ್ನು ಗುರು ಮಾಡಿಕೊಂಡಿದ್ದೆ, ಪ್ರೀತಿಯಿಂದಲೇ ಬರೆದೆ, ಬಲ್ಲೆ. ಆದರೆ ಅದನ್ನು ಆ ಜನರ ಮುಂದೆ ಓದಿದ್ದರೆ ಅವಳ ಗತಿ?

ಮಡಕೆಯ ಚಿತ್ರ ಎಲ್ಲರ ಕಣ್ಣೆದುರಿಗಿತ್ತು, ಹಾಲಿನ ಮಾತು ಬಿಡುವಂತಿರಲಿಲ್ಲ. ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಒಂದೇ ಒಂದು ಪದ ಬದಲಿಸಿ, ಅವಳ ಹೆಸರಿನ ಜಾಗಕ್ಕೆ ನನ್ನದನ್ನಿಟ್ಟು ಓದಿದೆ: 'ಕೌಶಿಕ್ ಕಲಿಸಿದ ಮಂತ್ರ, ಹಾಲು ಒಡೆಸುವುದು.'

ಆಮೇಲಿನದನ್ನು ಉದ್ದ ಬರೆಯಲಾರೆ. ಕನ್ನಡಕ ಮುರಿದಿದೆ, ತುಟಿ ಊದಿದೆ. ಅಜ್ಜಿಗೆ ಬಸ್ಸಿಳಿಯುವಾಗ ಬಿದ್ದೆ ಅಂದಿದ್ದೇನೆ. ಹೋದಾಗಲೆಲ್ಲ ಕೂರಿಸಿ ಮುದ್ದೆ ಬಡಿಸುತ್ತಿದ್ದ ನಿಮ್ಮಮ್ಮ ಗಂಗಲಕ್ಷ್ಮಮ್ಮ ನನ್ನ ಮುಖ ನೋಡದೆ ಬಾಗಿಲು ಹಾಕಿಕೊಂಡರು. ಏಟಿಗಿಂತ ಅದೇ ಹೆಚ್ಚು ನೋಯುತ್ತಿದೆ. ಪಾಪಮ್ಮ ಎದ್ದು ಪಾತ್ರೆ ಆರಿಸಿಕೊಂಡು ಗುಡಿಸಲಿಗೆ ಹೋದಳು. ಅಷ್ಟನ್ನು ಕಣ್ಣಾರೆ ನೋಡಿಯೇ ಬಸ್ ಹತ್ತಿದೆ.

ಆದರೆ ನಾರಪ್ಪ ಬಿಡುವ ಆಸಾಮಿಯಲ್ಲ. ಪುಸ್ತಕವನ್ನು ನಿಮ್ಮ ಮನೆಯಲ್ಲೇ ಇರಿಸಿದ್ದಾನೆ. ಭಾನುವಾರ ಹೊಸೂರಿಗೆ ಒಯ್ದು ಕನ್ನಡ ಬಲ್ಲವರಿಂದ ಇನ್ನೊಮ್ಮೆ ಓದಿಸುತ್ತಾನಂತೆ. ಅಷ್ಟರೊಳಗೆ ಆ ಹಾಳೆ ಹರಿದುಬಿಡು. ನಿಜ ಹೇಳಿ ನನ್ನನ್ನು ಕಾಪಾಡಲು ಹೋಗಬೇಡ, ನನ್ನಾಣೆ.

ಇನ್ನು ನಿಮ್ಮೂರಿಗೆ ಕಾಲಿಡಲಾಗದ ನಿನ್ನ ಗೆಳೆಯ,
ಕೌಶಿಕ್

ತಾ. ಕ.: ಅಂಚೆಗೆ ಹಾಕಲು ಹೊರಟಿದ್ದೆ, ನಿನ್ನ ತಂಗಿ ಸರಿತಾಳ ಕಾರ್ಡು ಬಂತು. ಕನ್ನಡದಲ್ಲಿ! ಅವಳಿಗೂ ಅಕ್ಷರ ಕಲಿಸಿದ್ದೀಯ ಅಂತ ನನಗೊಂದು ಮಾತು ಹೇಳಬಾರದಿತ್ತೇ? ಅವತ್ತು ನಾರಪ್ಪ ಮನೆಯವರನ್ನೆಲ್ಲ ಕೇಳಿದಾಗ ಅವಳೂ ಓದಲು ಬರುವುದಿಲ್ಲ ಅಂತ ತಲೆಯಾಡಿಸಿ, ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಎರಡೇ ಸಾಲು ಬರೆದಿದ್ದಾಳೆ: "ಆ ಆಳೆ ಒಲೆಗೆ ಆಕಿವ್ನಿ. ಅದ್ರಾಗೆ ನಿಮ್ಮ ಎಸ್ರು ಇರ್ಲಿಲ್ಲ."