ಶಿವಗಂಗವ್ವನ ಉಪವಾಸಗಳ ಮೇಲೆ ನನ್ನ ಅನುಮಾನ

ಗದಗ, ೨೧೮೭ನೇ ಇಸವಿ, ಫೆಬ್ರವರಿ ಮೂವತ್ತು

ಖಾನಾವಳಿಯ ಶಿವಗಂಗವ್ವನವರಿಗೆ, ನಿಮ್ಮ ತಂಗಿ ಗುರುಸಿದ್ದವ್ವನವರ ಆರನೇ ತಲೆಮಾರಿನ ಸುಗಲಾ ಮಾಡುವ ಶರಣಾರ್ಥಿ. ತಾರೀಖು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ದನಿಗಾರ್ತಿ, ಅಂದರೆ ಸತ್ತವರ ಫೋನಿನ ದನಿಗಳನ್ನು ಕೇಳಿ ಬರೆದಿಡುವವಳು. ನೀವು ತಂಗಿಗೆ ಕಳಿಸಿದ ನಲವತ್ತು ಸಂದೇಶಗಳು ನನ್ನ ಬಳಿ ಇವೆ. ಮನೆತನದ ಪುಸ್ತಕದಲ್ಲಿ ನೀವು ಹೊಟ್ಟೆಯ ಗ್ಯಾಸಿನಿಂದ ಸೊರಗಿ ತೀರಿಹೋದಿರಿ ಎಂದಿದೆ. ನಾನು ಸಂಶಯದ ಪ್ರಾಣಿ, ನಂಬಲಿಲ್ಲ.

ಮೊದಲು ಅನುಮಾನ ಬಂದದ್ದು ನಿಮ್ಮ ಭಕ್ತಿಯ ಮೇಲೆ. ಸೋಮವಾರದ ಉಪವಾಸ ಸರಿ. ಆಮೇಲೆ ಗುರುವಾರ, ಶನಿವಾರ, ಅಮಾವಾಸ್ಯೆ ಯಾಕೆ ಸೇರಿದವು? ಊರು ನಿಮ್ಮನ್ನು ಶರಣೆ ಎಂದು ಹೊಗಳಿತು. ನಿಜ ಏನೆಂದರೆ ಅರ್ಧ ರೊಟ್ಟಿಗೇ ನಿಮ್ಮ ಹೊಟ್ಟೆ ತುಂಬುತ್ತಿತ್ತು. ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕ ನಿಂತು ಉಣ್ಣುವವಳ ತಾಟನ್ನು ಯಾರು ನೋಡುತ್ತಾರೆ? ಎದೆಯುರಿಗೆ ಔಷಧಿ ಅಂಗಡಿಯ ಗುಲಾಬಿ ಬಣ್ಣದ ಔಷಧ ಕುಡಿದಿರಿ, ಉರಿ ಸುಮ್ಮನಾಯಿತು, ರೋಗ ಸುಮ್ಮನಾಗಲಿಲ್ಲ. ಸಡಿಲಾದ ಕುಪ್ಪಸವನ್ನು ಮೂರು ಸಲ ಹಿಡಿಸಿದಿರಿ, ಬೇಸಿಗೆಯ ದಣಿವೆಂದಿರಿ. ಮಲ ಡಾಂಬರಿನ ಹಾಗೆ ಕಪ್ಪಾದದ್ದಕ್ಕೆ ಕಬ್ಬಿಣದ ಮಾತ್ರೆ ಕಾರಣ ಎಂದಿರಿ. ಆದರೆ ಕಪ್ಪಾದದ್ದು ಏಳನೇ ಸಂದೇಶದಲ್ಲಿ, ಮಾತ್ರೆ ಶುರುವಾದದ್ದು ಹನ್ನೊಂದರಲ್ಲಿ. ಸಿಕ್ಕಿಬಿದ್ದಿರಿ, ಅವ್ವಾ! ಅದು ಒಳಗೆ ಸೋರುತ್ತಿದ್ದ ರಕ್ತ. ಮೂವತ್ತೆಂಟರಲ್ಲಿ ಡಾಕ್ಟರು ಜಠರದ ಕ್ಯಾನ್ಸರ್ ಅಂದರೆಂದು, ಅದು ಪಿತ್ತಜನಕಾಂಗಕ್ಕೂ ಹಬ್ಬಿದೆಯೆಂದು ನೀವೇ ಹೇಳುತ್ತೀರಿ. ಅದನ್ನು ಕೇಳಿದ ದಿನ ನಾನು ಅತ್ತುಬಿಟ್ಟೆ, ನಿಮ್ಮ ಮೇಲೆ ಸಿಟ್ಟೂ ಬಂತು.

ನಮ್ಮಲ್ಲಿ ನಲವತ್ತು ದಾಟಿದವರು ನುಂಗುದೀಪ ನುಂಗುತ್ತಾರೆ. ಕಡಲೆಯಷ್ಟು ದೊಡ್ಡ ಬೆಳಕು ಅದು, ಚಹಾ ಕುಡಿಯುತ್ತ ಕೂತರೆ ಜಠರದ ಒಳಗೋಡೆ ಎದುರಿನ ಗೋಡೆಯ ಮೇಲೆ ಕಾಣುತ್ತದೆ. ಅದನ್ನೂ ನಾನು ಪೂರಾ ನಂಬುವುದಿಲ್ಲ. ನಂಬುವುದು ಎದುರೂಟವನ್ನು. ಅಡುಗೆ ಮಾಡಿದವರೇ ಮೊದಲು ಉಣ್ಣಬೇಕು, ಎದುರಿಗೆ ಒಬ್ಬರು ಕೂತು ಅವರ ತಾಟು ನೋಡಬೇಕು, ಆಮೇಲೆ ಉಳಿದವರ ಊಟ. ಗುರುಸಿದ್ದವ್ವ ನಿಮ್ಮನ್ನು ಮಣ್ಣು ಮಾಡಿ ಬಂದ ವಾರವೇ ಇದನ್ನು ಶುರು ಮಾಡಿದಳು.

ಈ ಪತ್ರ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮನ್ನು ತಲುಪುವಾಗ ನೀವು ಹನ್ನೆರಡನೇ ಸಂದೇಶ ಕಳಿಸಿರುತ್ತೀರಿ. ಇನ್ನೂ ಹೊತ್ತಿದೆ. ಇದು ಔಷಧಿ ಮಾರುವವರ ಆಟ ಎಂದು ನೀವು ಅನುಮಾನಿಸುತ್ತೀರಿ, ಬಲ್ಲೆ. ಅನುಮಾನಿಸಿ, ಆದರೆ ಹೊಟ್ಟೆಯ ಡಾಕ್ಟರ ಹತ್ತಿರ ಹೋಗಿ ಎಂಡೋಸ್ಕೋಪಿ ಮಾಡಿಸಿ. ಬಾಯಿಂದ ಸಣ್ಣ ಕೊಳವೆ ಇಳಿಸಿ ನೋಡುತ್ತಾರೆ, ಅಷ್ಟೇ. ಇವೇ ಲಕ್ಷಣಗಳು ಎಷ್ಟೋ ಜನರಿಗೆ ಬರೀ ಹುಣ್ಣಿನಿಂದ ಬರುತ್ತವೆ, ನೋಡದೆ ತಿಳಿಯುವುದಿಲ್ಲ. ನೀವು ಉಳಿದರೆ ಎದುರೂಟ ಹುಟ್ಟುವುದೇ ಇಲ್ಲವೇನೋ. ಹುಟ್ಟದಿರಲಿ.

ನಲವತ್ತು ಸಂದೇಶಗಳಲ್ಲೂ ನಿಮ್ಮ ಮೊದಲ ಮಾತು ತಂಗಿಯ ಒಂದೇ ಪ್ರಶ್ನೆಗೆ ಉತ್ತರ. ಊಟ ಆತೇನಕ್ಕಾ ಎಂದು ಅವಳು ಕೇಳುತ್ತಾಳೆ, ಆತು ಅನ್ನುತ್ತೀರಿ ನೀವು. ಇವತ್ತೂ ಕೇಳುತ್ತಾಳೆ. ಇವತ್ತೊಂದು ದಿನ ನಿಜ ಹೇಳಿ: ಇಲ್ಲವ್ವಾ, ತುತ್ತು ಇಳೀವಲ್ದು.